ಕಾರ್ಡಿನ ಮೂಲೆಯ ಅರಿಶಿನ

ಮೈಲಾಪೂರಿನ ಹೋಟೆಲಿನಲ್ಲಿ ಹಂಡೆಗಟ್ಟಲೆ ಸಾಂಬಾರು ಕುದಿಸುತ್ತಿದ್ದ ಕುಂದಾಪುರದ ಅಡುಗೆಯವರಿಗೆ ಓದು ಬರುತ್ತಿರಲಿಲ್ಲ. ಊರಿನಿಂದ ಕಾರ್ಡು ಬಂದರೆ, ದಿನವೂ ಅಲ್ಲಿ ಉಣ್ಣುತ್ತಿದ್ದ ರೈಲ್ವೆ ಗುಮಾಸ್ತನಾದ ನಾನೇ ಓದಬೇಕು. ಮನೆಯಲ್ಲಿ ಎಲ್ಲರೂ ಕ್ಷೇಮವಿದ್ದರೆ ಅವರ ಹೆಂಡತಿ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿ ಕಳಿಸುತ್ತಿದ್ದರು.

"ಮೊದ್ಲ್ ಅರಶಿನ ಇತ್ತಾ ಕಾಣಿ, ಮಾರಾಯ್ರೆ," ಎನ್ನುತ್ತ ಸೌಟನ್ನು ಹಂಡೆಯಲ್ಲೇ ಬಿಟ್ಟು ಬರುತ್ತಿದ್ದರು. ಇದೆ ಎಂದ ಮೇಲೆಯೇ ಉಸಿರು ಬಿಡುತ್ತಿದ್ದರು.

ಅವರ ಮಗಳ ಹೆರಿಗೆಯ ತಿಂಗಳಲ್ಲಿ ಬಂದ ಕಾರ್ಡಿನ ಮೂಲೆ ಬರಿದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅದನ್ನು ಕಿತ್ತುಕೊಂಡರು. ಒಗ್ಗರಣೆ ಡಬ್ಬಿಯಿಂದ ಅರಿಶಿನ ತೆಗೆದು ನಾಲ್ಕೂ ಮೂಲೆಗೆ ತಿಕ್ಕಿ ತಿಕ್ಕಿ ಹಚ್ಚಿದರು.

"ಈಗ ಓದಿ," ಎಂದು ಕಾರ್ಡನ್ನು ನನ್ನ ಕೈಗಿತ್ತರು.

ಮೊದಲ ಸಾಲನ್ನು ನಾನು ಆಗಲೇ ಓದಿಬಿಟ್ಟಿದ್ದೆ.