ಬಿಸಿಲಿಗೆ ಹಾಕಿದ ಸೆಲ್ಲು

ಜಗಳೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಹೊನ್ನಾಳಿಯಿಂದ ನಾದಿನಿಯ ಗಂಡ ಫೋನ್ ಮಾಡಿದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಾದಿನಿಗೆ ಹೆಣ್ಣುಮಗು ಹುಟ್ಟಿತ್ತು. ಬಸ್ಸಿನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳು ಹೆರಿಗೆಗೆ ತವರಿಗೆ ಬಂದಿರಲಿಲ್ಲ. "ಅಳ್ತಾ ಐತೆ, ಅತ್ತೆಗೆ ಕೇಳಿಸ್ರಿ" ಎಂದರು. ಶಿವನೇ ಎನ್ನುತ್ತಾ ಹಿಟ್ಟಿನ ಕೈಯಲ್ಲೇ ಕೆಳಗೆ ಓಡಿದೆ.

ನಮ್ಮ ಅತ್ತೆಗೆ ಕಿವಿ ಮಷಿನ್ನು ಬೇಕು. ಅದರ ಪೆನ್ಸಿಲ್ ಸೆಲ್ಲು ಸವೆಯುತ್ತದೆಂದು ಸದಾ ಆಫ್ ಮಾಡಿಯೇ ಇಡುತ್ತಿದ್ದರು. ಮುಗಿದ ಸೆಲ್ಲನ್ನೂ ಎಸೆಯದೆ ಮತ್ತೆ ಜೀವ ಬರಲೆಂದು ಸಂಡಿಗೆಯ ಪಕ್ಕ ಬಿಸಿಲಿಗೆ ಹಾಕುತ್ತಿದ್ದರು. ನಾವು ಚಾರ್ಜ್ ಮಾಡುವ ಸೆಲ್ಲು ತಂದು ವಾರವಾಗಿದ್ದರೂ ಅವರು ಮುಟ್ಟಿರಲಿಲ್ಲ. "ಕರೆಂಟ್ ಕುಡಿದಿರೋದು ಕಣವ್ವ. ಕಿವಿಗೆ ಶಾಕ್ ಹೊಡೆದ್ರೆ ಏನ್ ಮಾಡಾಕೆ ಆಗ್ತೈತೆ?" ಎನ್ನುತ್ತಿದ್ದರು.

ಮಷಿನ್ನು ಹಾಕಿದರೆ ಬಿಸಿಲಿನ ಸೆಲ್ಲು ಒಮ್ಮೆ ಕೊರ್ ಎಂದು ಸುಮ್ಮನಾಯಿತು. ಸ್ಪೀಕರಿನಲ್ಲಿ ಮಗು ಅಳುತ್ತಲೇ ಇತ್ತು. ನಾನು ಚಾರ್ಜರಿನಿಂದ ಹೊಸ ಸೆಲ್ಲು ಕಿತ್ತು ತಂದೆ. ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿ, "ಹಾಕವ್ವ, ಹೊಡೆದ್ರೆ ಹೊಡೀಲಿ" ಎಂದರು.

ಶಾಕ್ ಹೊಡೆಯಲಿಲ್ಲ, ಅಳು ಕೇಳಿತು. "ನಮ್ಮನೆ ಗಂಟಲೇ ಬಿಡು. ಇದರವ್ವನೂ ಹಿಂಗೇ ಊರು ಎಬ್ಬಿಸ್ತಿದ್ಲು" ಎಂದು ಅತ್ತೆ ನಗುತ್ತಾ ಕಣ್ಣೊರೆಸಿಕೊಂಡರು. ಆ ಬೆಳಗ್ಗೆ ಕರೆಂಟ್ ಹೋಗದೆ ಸೆಲ್ಲು ತುಂಬಿತ್ತಲ್ಲ, ಅದೂ ದೇವರ ದಯೆಯೇ. ಮಷಿನ್ನಿಗೆ ಈಗ ಅದೇ ಸೆಲ್ಲು; ವರ್ಷಗಟ್ಟಲೆ ಬಾಳಿಕೆ ಬರುವುದರಿಂದ ಗೋಡೆಯ ಗಡಿಯಾರಕ್ಕೆ ಮಾತ್ರ ಈಗಲೂ ಸಾದಾ ಸೆಲ್ಲೇ ಹಾಕುತ್ತೇವೆ.

ಅಂದು ಫೋನ್ ಇಟ್ಟ ಮೇಲೆ ಮತ್ತೆ ಮಾಳಿಗೆ ಹತ್ತಿ, ಬಿಸಿಲಲ್ಲಿದ್ದ ಹಳೆಯ ಸೆಲ್ಲುಗಳನ್ನೆಲ್ಲ ಆರಿಸಿ ತೆಗೆದೆ. ಗಟ್ಟಿಯಾಗಿದ್ದ ಹಿಟ್ಟಿಗೆ ನೀರು ಚಿಮುಕಿಸಿ, ಆ ಜಾಗದಲ್ಲೂ ಸಂಡಿಗೆ ಇಟ್ಟೆ.