ಲಿಂಕ್ ಹಾಕೋದಿಲ್ಲ ಅಂದೆ

ಎರಡು ಸಾವಿರದ ಇಸವಿಯ ಆಸುಪಾಸು. ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಮೊಳಕಾಲ್ಮುರಿನ ಹಿರಿಯ ನೇಕಾರರೊಬ್ಬರು ರೇಷ್ಮೆ ಸೀರೆಯ ಅಂಚಿನ ಚಿತ್ರಗಳನ್ನು ಚೌಕಳಿ ಹಾಳೆಯಲ್ಲಿ ಬರೆದು ತರುತ್ತಿದ್ದರು. ಅವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪ್ರಿಂಟ್ ತೆಗೆದುಕೊಡುವುದೂ ನನ್ನ ಕೆಲಸವೇ. ಅದಕ್ಕೆ ಬೇಕಾದ ಪ್ರೋಗ್ರಾಂ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಸಿಕ್ಕಿತು. ಆದರೆ ಅದನ್ನು ನಮ್ಮ ಕಂಪ್ಯೂಟರುಗಳಲ್ಲಿದ್ದ ಲಿನಕ್ಸ್ ವ್ಯವಸ್ಥೆಯಲ್ಲಿ ನಾವೇ ಕಂಪೈಲ್ ಮಾಡಿ, ಅಂದರೆ ಮೂಲ ಬರಹದಿಂದ ಓಡುವ ರೂಪಕ್ಕೆ ತಂದುಕೊಳ್ಳಬೇಕಿತ್ತು.

ಅದೇ ವಾರ ಸೆಂಟರಿನ ಮಾಲೀಕರು ಹೊಸ ಕರ್ನಲ್ ಹಾಕಿದ್ದರು. ಕರ್ನಲ್ ಅಂದರೆ ಇಡೀ ವ್ಯವಸ್ಥೆಯ ತಿರುಳು. ಅದರ ಜೊತೆ ಹೇಗೆ ವ್ಯವಹರಿಸಬೇಕೆಂದು ಪ್ರೋಗ್ರಾಮುಗಳಿಗೆ ತಿಳಿಸುವ ಫೈಲುಗಳೇ ಹೆಡರ್‌ಗಳು. ಲಿಂಕ್ ಅಂದರೆ ಒಂದು ಫೈಲಿನ ಜಾಗದಲ್ಲಿ ಕೂತು ಇನ್ನೊಂದರತ್ತ ಕೈ ತೋರಿಸುವ ಗುರುತು.

"ಹಳೇ ಹೆಡರ್ ತೆಗ್ದು, ಹೊಸ ಕರ್ನಲ್ ಹೆಡರ್‌ಗೆ ಲಿಂಕ್ ಕೊಡಮ್ಮ. ಎಲ್ರೂ ಹಂಗೇ ಮಾಡೋದು," ಅಂದರು ಮಾಲೀಕರು.

"ಬೇಡ ಸಾರ್. ನಮ್ ಸಿ ಲೈಬ್ರರಿ ಯಾವ ಹೆಡರ್ ಇಟ್ಕೊಂಡು ತಯಾರಾಗೈತೋ ಅದೇ ಇರ್ಬೇಕು. ಪ್ರೋಗ್ರಾಂ ಮಾತಾಡೋದು ಲೈಬ್ರರಿ ಜೊತೆ, ಕರ್ನಲ್ ಜೊತೆ ಮಾತಾಡೋದು ಲೈಬ್ರರಿ."

"ನಾನು ಬೆಂಗ್ಳೂರಲ್ಲಿ ಕಲ್ತು ಬಂದೋನು. ನಂಗೇ ಹೇಳ್ಕೊಡ್ತೀಯಾ?"

ನಮ್ಮಪ್ಪ ಉಳ್ಳಾರ್ತಿ ಕಡೆ ಶೇಂಗಾ ಬೆಳೆಯುವವನು. ಹಳ್ಳಿಯವಳಿಗೇನು ಗೊತ್ತು ಅನ್ನುವಂಥ ಆ ಮಾತು ಅವನಿಗೂ ತಾಗಿದಂತಾಯಿತು. ಕುರ್ಚಿ ಬಿಟ್ಟೆದ್ದೆ.

"ನೀವೇ ಹಾಕ್ರಿ. ನನ್ನ ಕೈಯಿಂದ ಹಾಕೋದಿಲ್ಲ."

ಅವರೇ ಹಾಕಿ, ಕಂಪೈಲ್ ಮಾಡಿದರು. ಪರದೆಯ ತುಂಬ ತಪ್ಪುಗಳು ಉರುಳಿದವು. ಒಂದೇ ಹೆಸರಿಗೆ ಲೈಬ್ರರಿ ಹೇಳುವ ಅರ್ಥವೊಂದು, ಕರ್ನಲ್ ಹೇಳುವುದೊಂದು. ನೇಕಾರರು ಬೆಂಚಿನ ಮೇಲೆ ಕೂತು ನೋಡುತ್ತಲೇ ಇದ್ದರು.

"ಈ ಪ್ರೋಗ್ರಾಮೇ ಸರಿ ಇಲ್ಲ, ಕಿತ್ತಾಕು," ಅಂದು ಮಾಲೀಕರು ಊಟಕ್ಕೆ ಹೋದರು.

ನಾನು ಕಿತ್ತದ್ದು ಲಿಂಕನ್ನು. ಲೈಬ್ರರಿಯ ಜೊತೆ ಬಂದಿದ್ದ ಹೆಡರ್‌ಗಳನ್ನೇ ಸಿ.ಡಿ.ಯಿಂದ ಮತ್ತೆ ಹಾಕಿ, ಮೊದಲಿಂದ ಕಂಪೈಲ್ ಮಾಡಿದೆ. ಹೊಸ ಕರ್ನಲ್ ಇದ್ದ ಹಾಗೇ ಇತ್ತು. ಅವರು ಮರಳುವ ಹೊತ್ತಿಗೆ ಪ್ರಿಂಟರ್ ಕಿರುಗುಟ್ಟುತ್ತ ಸೀರೆಯಂಚಿನ ಗಿಳಿಗಳ ಸಾಲನ್ನು ಹೊರಗೆ ತಳ್ಳುತ್ತಿತ್ತು.

"ಬಾಗುಂದಮ್ಮಾ, ಚೆನ್ನಾಗೈತೆ! ಕೊಕ್ಕು ಕೂಡ ಸರಿಯಾಗಿ ಬಂದೈತೆ," ಅಂದರು ನೇಕಾರರು.

"ಏನ್ ಮಾಡ್ದೆ?" ಮಾಲೀಕರು ಕೇಳಿದರು.

"ನಿಮ್ ಲಿಂಕ್ ತೆಗ್ದೆ ಸಾರ್."

ಮರುದಿನ, ಹೆಡರ್‌ಗಳಿಗೆ ಯಾರೂ ಲಿಂಕ್ ಹಾಕಬಾರದೆಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಮಾಲೀಕರು ಅಳಿಸಿದರು. ಮತ್ತೆ ಬರೆದೆ. ಮತ್ತೂ ಅಳಿಸಿದರು. ಮೂರನೆಯ ದಿನ ಡಸ್ಟರ್ ನನ್ನ ಬ್ಯಾಗಿನಲ್ಲಿತ್ತು.

ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ನಾನು ಹೇಳಿದ್ದು ಸರಿ ಅಂತಲೂ ಅನ್ನಲಿಲ್ಲ, ಅದಕ್ಕಾಗಿ ನಾನು ಕಾಯಲೂ ಇಲ್ಲ. ಸೆಂಟರಿನಲ್ಲಿ ಇನ್ನೂ ಆರು ಕಂಪ್ಯೂಟರುಗಳಿದ್ದವು; ಅವುಗಳಲ್ಲೂ ಅವರು ಅದೇ ಲಿಂಕ್ ಹಾಕಿದ್ದರು. ಒಂದೊಂದರ ಮುಂದೆಯೂ ಕೂತು, ಆ ಲಿಂಕುಗಳನ್ನು ಅವರ ಕಣ್ಣೆದುರಿಗೇ ತೆಗೆದೆ.