ಫೂರ್ನಿಯೆ ಅಂಕಲ್ ಅವರ ಸಿಂಹಗಳು

ಇವತ್ತು ಬೆಳಿಗ್ಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರ್ಯಾಮ್ ಇಳಿದಾಗ ಆಫೀಸಿನ ಕೆಳಗಿರುವ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ನೀರಿನ ಕಡೆಯಿಂದ ಗಾಳಿ ಜೋರಾಗಿ ಬೀಸದ ದಿನ ಮಾತ್ರ ಈ ಭಾಗ್ಯ. ಈ ವಾಸನೆಗೆ ಉಳಿದವರಿಗೆ ಹಸಿವಾಗುತ್ತದೆ, ನನಗೆ ಒಬ್ಬ ಹಿರಿಯರ ನೆನಪಾಗುತ್ತದೆ. ಅವರು ಜನ್ಮದಲ್ಲಿ ಬ್ರೆಡ್ಡು ಮಾಡಿದವರಲ್ಲ. ಟೋಸ್ಟ್ ಮಾಡಲು ಹೋಗಿ ಸ್ಮೋಕ್ ಅಲಾರಂ ಕೂಗಿಸಿ, ಟೀ ಟವೆಲ್ ಬೀಸುತ್ತಾ ಅಂಗಳಕ್ಕೆ ಓಡಿ ಬಂದವರು. ಹೆಸರು ಆಲನ್ ಫೂರ್ನಿಯೆ.

ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ನಾನೂ ನನ್ನ ಹೆಂಡತಿ ಸುಮಾಳೂ ಸಿಡ್ನಿಯ ಎಪ್ಪಿಂಗ್‌ನಲ್ಲಿ ಇವರ ಮನೆಯ ಹಿತ್ತಲಿನ ಪುಟ್ಟ ಮನೆಯಲ್ಲಿ ರೆಂಟಿಗಿದ್ದೆವು. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದು ನಿಂತಿದ್ದರೂ ಇವರು ಮಾತ್ರ ಬಿಲ್ಡರುಗಳಿಗೆಲ್ಲ ಗೇಟಿನಲ್ಲೇ ಕೈಮುಗಿದು ಕಳಿಸುತ್ತಿದ್ದರು. ಬಸ್ ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಕ್ಲೇರ್ ಮೆಲ್ಬರ್ನಿನಲ್ಲಿದ್ದಳು. ‘ಆಲನ್ ಅಂತಲೇ ಕರೆಯಿರಿ’ ಎಂದು ಮೊದಲ ದಿನವೇ ಹೇಳಿದರು. ಎಪ್ಪತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನಮ್ಮಿಬ್ಬರಿಗೂ ನಾಲಿಗೆ ಏಳಲಿಲ್ಲ. ಅಂಕಲ್ ಎಂದೆವು. ಸ್ವಲ್ಪ ದಿನ ಹುಬ್ಬು ಗಂಟಿಕ್ಕಿದರು. ಆಮೇಲೆ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಎಲ್ಲರಿಗೂ ‘ಇವರು ನನ್ನನ್ನು ಅಂಕಲ್ ಅನ್ನುತ್ತಾರೆ’ ಎಂದು ಹೇಳಿಕೊಂಡು ತಿರುಗಿದರು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿರುವ ಕನ್ನಡ ನನ್ನದು. ವರದಿಗಾರನಾಗಿದ್ದವನು ಇಷ್ಟನ್ನು ಹೇಳಿಬಿಡಬೇಕು.

ಅಂಕಲ್ ಮನೆಯ ಟೀವಿಯ ಮೇಲೆ ಒಂದು ಚೌಕಟ್ಟು ತೂಗುತ್ತಿತ್ತು. ನೀಲಿ ಗುರಾಣಿ, ಆಚೀಚೆ ಎದ್ದು ನಿಂತ ಎರಡು ಸಿಂಹಗಳು, ಕೆಳಗೆ ಚಿನ್ನದ ಬಣ್ಣದಲ್ಲಿ ‘ಫೂರ್ನಿಯೆ’. ಇಂಥವನ್ನು ಮಾರುವ ಸ್ಟಾಲುಗಳು ಶಾಪಿಂಗ್ ಸೆಂಟರುಗಳಲ್ಲಿರುತ್ತವೆ, ನೀವೂ ನೋಡಿರಬಹುದು. ನಿಮ್ಮ ಸರ್‌ನೇಮ್ ಹೇಳಿದರೆ ಸಾಕು, ಕಾಫಿ ಕುಡಿದು ಬರುವಷ್ಟರಲ್ಲಿ ವಂಶದ ಲಾಂಛನ ಸಿದ್ಧವಾಗಿರುತ್ತದೆ. ಅಂಕಲ್‌ಗೆ ಆ ಸಿಂಹಗಳ ಮೇಲೆ ಸಂಪೂರ್ಣ ನಂಬಿಕೆ. ಅವರ ತಾತ ಫ್ರಾನ್ಸಿನಿಂದ ಹಡಗಿನಲ್ಲಿ ಬಂದವರು. ಅದಕ್ಕೂ ಹಿಂದಿನವರು ಕುದುರೆ ಏರಿ ಯುದ್ಧ ಮಾಡಿದವರು, ಆ ಮನೆತನಕ್ಕೆ ತಾನೇ ಕೊನೆಯವನು ಎಂದು ಅವರು ತೀರ್ಮಾನಿಸಿದ್ದರು.

ತೊಂದರೆ ಶುರುವಾದದ್ದು ಕ್ಲೇರ್ ಬಸುರಿಯಾದಾಗ. ಅವಳ ಗಂಡ ಮಿನ್ ವಿಯೆಟ್ನಾಂ ಮೂಲದ ಹುಡುಗ, ಸರ್‌ನೇಮ್ ನ್ಗುಯೆನ್. ಮಗುವಿಗೂ ಅದೇ ಎಂದು ಗಂಡ ಹೆಂಡತಿ ನಿರ್ಧರಿಸಿದ್ದರು. ಫೂರ್ನಿಯೆ ಎಂದೇ ಇಡಬೇಕು, ಅಲ್ಲಿಯವರೆಗೆ ಮೆಲ್ಬರ್ನಿಗೆ ಕಾಲಿಡುವುದಿಲ್ಲ ಎಂದು ಅಂಕಲ್ ಫೋನಿನಲ್ಲಿ ಹೇಳಿಬಿಟ್ಟರು. ಕ್ಲೇರ್ ‘ನಿಮ್ಮಿಷ್ಟ ಡ್ಯಾಡ್’ ಎಂದು ಫೋನಿಟ್ಟಳು. ಆಮೇಲೆ ಫೋನು ಎರಡೂ ಕಡೆಯಿಂದ ಬರಲಿಲ್ಲ. ಹೆರಿಗೆಯ ದಿನ ಮಾತ್ರ ಹತ್ತಿರ ಬರುತ್ತಿತ್ತು.

‘ಮೆಲ್ಬರ್ನಿನಲ್ಲಿ ನ್ಗುಯೆನ್‌ಗಳು ಎಷ್ಟಿದ್ದಾರೆ ಗೊತ್ತಾ ನಿನಗೆ?’ ಎಂದು ಅಂಕಲ್ ಬೇಲಿಯ ಬಳಿ ನನ್ನನ್ನು ತಡೆದು ಕೇಳಿದರು. ‘ಒಂದು ಮಗು ಕಡಿಮೆಯಾದರೆ ಅವರಿಗೆ ಗೊತ್ತೂ ಆಗಲ್ಲ. ಇಲ್ಲಿ ನಾನು ಹೋದರೆ ಮುಗೀತು. ನೀನು ಪೇಪರಿನಲ್ಲಿ ಇದ್ದವನು, ನಮ್ಮ ಹೆಸರಿನ ಚರಿತ್ರೆ ಒಂದು ಪುಟ ಬರೆದುಕೊಡು. ಕ್ಲೇರ್ ಓದಲಿ.’

ಸುಮಾ ಮೈಸೂರಿನವಳು, ವ್ಯವಹಾರಸ್ಥೆ. ‘ರೀ, ಸುಮ್ನೆ ನಾಲ್ಕು ಒಳ್ಳೆ ಮಾತು ಬರೆದುಕೊಟ್ಬಿಡಿ. ಮುಂದಿನ ತಿಂಗಳು ರೆಂಟಲ್ ಅಗ್ರಿಮೆಂಟ್ ರಿನ್ಯೂ ಆಗ್ಬೇಕು, ನೆನಪಿರ್ಲಿ’ ಎಂದಳು.

ನನಗೆ ಅದು ಬರುವುದಿಲ್ಲ. ಬೆಂಗಳೂರಿನ ಡೆಸ್ಕಿನಲ್ಲಿ ಎರಡು ಕಡೆ ಖಚಿತವಾಗದ ಸುದ್ದಿಯನ್ನು ಪುಟಕ್ಕೆ ಬಿಡಬೇಡ ಎಂದು ಬೈಸಿಕೊಂಡೇ ಬೆಳೆದವನು ನಾನು. ಮದುವೆಯ ಕರೆಯೋಲೆಯಲ್ಲೂ ತಪ್ಪು ಹುಡುಕುತ್ತೇನೆ. ಹಾಗಾಗಿ ಲೈಬ್ರರಿಗೆ ಹೋದೆ. ಸಿಕ್ಕಿದ ಪುಸ್ತಕಗಳೆಲ್ಲ ಒಂದೇ ಮಾತು ಹೇಳಿದವು. ಹಿಂದೆ ಫ್ರಾನ್ಸಿನ ಹಳ್ಳಿಗಳಲ್ಲಿ ಮನೆಮನೆಗೆ ಬ್ರೆಡ್ಡಿನ ಒಲೆ ಇರುತ್ತಿರಲಿಲ್ಲ. ಊರಿಗೆಲ್ಲ ಸೇರಿ ದೊಡ್ಡದೊಂದು ಒಲೆ, ಬಹಳ ಕಡೆ ಅದು ಜಮೀನುದಾರನದು. ಜನ ಮನೆಯಲ್ಲಿ ಹಿಟ್ಟು ನಾದಿ ತಂದು, ಅಲ್ಲಿ ಬೇಯಿಸಿಕೊಂಡು, ಅದಕ್ಕೆ ಒಂದು ಪಾಲು ಬಿಟ್ಟು ಹೋಗಬೇಕು. ಆ ಒಲೆ ನೋಡಿಕೊಳ್ಳುವವನೇ ಫೂರ್ನಿಯೆ. ಒಲೆಗೆ ಲ್ಯಾಟಿನ್ನಿನಲ್ಲಿದ್ದ ಪದದಿಂದ ಬಂದ ಹೆಸರು.

ಇದನ್ನು ಓದಿ ನನಗಾದ ಸಂತೋಷವನ್ನು ದಾವಣಗೆರೆಯವರು ಮಾತ್ರ ಅರ್ಥ ಮಾಡಿಕೊಂಡಾರು. ನಮ್ಮೂರಿನಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಬಿಸಿ ಮರಳಿನಲ್ಲಿ ಅಕ್ಕಿ ಅರಳಿ ಬೆಳ್ಳಗೆ ಉಬ್ಬುವ ಆ ಒಲೆಗಳ ಮುಂದೆ ಬೇಸಿಗೆಯಲ್ಲಿ ನಿಂತವನಿಗೆ ಬೇರೆ ನರಕದ ವರ್ಣನೆ ಬೇಕಿಲ್ಲ. ನಮ್ಮ ತಾತನ ಕಾಲದಲ್ಲಿ ನಮ್ಮದೂ ಒಂದಿತ್ತು, ಊರವರಿಗೆ ನಾವು ಈಗಲೂ ‘ಭಟ್ಟಿಯವರು’. ಆದರೆ ಪಾಸ್‌ಪೋರ್ಟಿನಲ್ಲಿ ನನ್ನ ಸರ್‌ನೇಮ್ ಅಪ್ಪನ ಹೆಸರು, ರುದ್ರಪ್ಪ. ಅಪ್ಪನನ್ನು ಊರಿನಲ್ಲಿ ಏಕವಚನದಲ್ಲಿ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಇಲ್ಲಿ ಡೆಂಟಿಸ್ಟ್ ಹತ್ತಿರ ಹೋದರೆ ಇಪ್ಪತ್ತರ ಹುಡುಗಿ ‘ರುದ್ರಪ್ಪಾ’ ಎಂದು ಕೂಗುತ್ತಾಳೆ, ನಾನು ಎದ್ದು ನಿಲ್ಲುತ್ತೇನೆ.

ಬರೆದದ್ದನ್ನು ಅಂಕಲ್‌ಗೆ ಓದಿ ಹೇಳಿದೆ. ಅವರು ಚೌಕಟ್ಟಿನ ಕಡೆ ನೋಡಿದರು.

‘ಸಿಂಹ?’

‘ಇಲ್ಲ ಅಂಕಲ್.’

‘ಕುದುರೆಯಾದರೂ?’

‘ಕತ್ತೆ ಇದ್ದಿರಬಹುದು. ಸೌದೆ ಹೊರಬೇಕಲ್ಲ.’

ಅಷ್ಟಕ್ಕೇ ನಿಲ್ಲಿಸದೆ ಕೊನೆಯ ಪ್ಯಾರಾವನ್ನೂ ಓದಿದೆ. ಫ್ರಾನ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕಿರುವ ಸರ್‌ನೇಮ್ ಮಾರ್ಟಿನ್, ಆದರೆ ಫೂರ್ನಿಯೆ ಕೂಡ ಬಹಳ ಹಿಂದೆ ಬಿದ್ದಿಲ್ಲ. ಕೆನಡಾದ ಫ್ರೆಂಚರಲ್ಲೂ ಧಾರಾಳವಾಗಿದೆ. ಅಂಕಲ್ ಕೊನೆಯವರಾಗುವ ಸಂಭವವೇ ಇಲ್ಲ. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಎದ್ದು ಒಳಗೆ ಹೋದರು.

‘ಕತ್ತೆ ಅಂದ್ರಂತೆ ನೀವು?’ ಎಂದಳು ಸುಮಾ.

‘ಇದ್ದಿರಬಹುದು ಅಂದೆ.’

‘ಬಾಕ್ಸ್‌ಗಳನ್ನ ಇಳಿಸಿ ಕೊಡಿ, ಪ್ಯಾಕಿಂಗ್ ಶುರು ಮಾಡ್ತೀನಿ.’

ಮುಂದಿನ ಕೆಲವು ದಿನ ಅಂಕಲ್ ಕಸದ ಡಬ್ಬಿ ಹೊರಗಿಡುವಾಗಲೂ ನನ್ನ ಮುಖ ನೋಡಲಿಲ್ಲ. ಸತ್ಯ ಹೇಳಿ ಮನೆ ಕಳೆದುಕೊಂಡವನೆಂಬ ಹೆಮ್ಮೆಯಾದರೂ ಇರಲಿ ಎಂದರೆ ಅದೂ ಹುಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ಸುಮಾ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದಳು. ಬಾಗಿಲಲ್ಲಿ ಅಂಕಲ್ ನಿಂತಿದ್ದರು. ‘ಏನಿದು ವಾಸನೆ, ನನ್ನ ಅಡುಗೆಮನೆವರೆಗೂ ಬರ್ತಿದೆ’ ಎಂದರು.

ಒಂದು ತಟ್ಟೆ ಕೊಟ್ಟೆವು. ತಿನ್ನುತ್ತಿರುವಾಗ ಭಟ್ಟಿಯ ಕತೆ ಹೇಳಿದೆ.

‘ಹಾಗಾದರೆ ನೀವೂ ಒಲೆಯವರೇ’ ಎಂದರು ಅಂಕಲ್. ‘ನಿಮ್ಮ ಮನೆ ಹೆಣ್ಣುಮಗಳು ಮದುವೆಯಾಗಿ ಹೋದರೆ?’

‘ಗಂಡನ ಮನೆಯವರ ಲೆಕ್ಕಕ್ಕೆ ಸೇರ್ತಾಳೆ. ಆದರೆ ಊರಿಗೆ ಬಂದು ಬಸ್ಸಿಳಿದರೆ ಭಟ್ಟಿಯವರ ಮಗಳು ಬಂದಳು ಅಂತಲೇ ಅನ್ನೋದು.’

ಒಂದಿಷ್ಟು ಹೊತ್ತು ತಟ್ಟೆಯ ಕಡಲೆಬೀಜವನ್ನೇ ಆರಿಸಿ ತಿಂದರು. ‘ಫ್ರಾನ್ಸಿನಲ್ಲಿ ತುಂಬಾ ಜನ ಇದ್ದಾರೆ ಅಂದೆಯಲ್ಲ. ತುಂಬಾ ಅಂದರೆ?’

‘ಊರಿಗೊಂದು ಒಲೆ ಅಂಕಲ್. ಊರೆಷ್ಟೋ ಅಷ್ಟು.’

ಅಂಕಲ್ ನಗತೊಡಗಿದರು. ಬಾಯಲ್ಲಿದ್ದ ಮಂಡಕ್ಕಿ ನೆತ್ತಿಗೇರಿತು, ಸುಮಾ ನೀರು ಕೊಟ್ಟಳು. ‘ಅಪ್ಪ ಸತ್ತಾಗಿನಿಂದ, ನಾನೇ ಕೊನೆಯವನು ಅಂತ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೇನೆ. ನೋಯುತ್ತೆ ಕಣಯ್ಯ. ಅಷ್ಟೊಂದು ಜನ ಇದ್ದಾರೆ ಅಂದರೆ ನಾನು ಸ್ವಲ್ಪ ಒರಗಿಕೊಳ್ಳಬಹುದು.’

ಆ ಸಂಜೆ ಅವರು ಕ್ಲೇರ್‌ಗೆ ಫೋನು ಮಾಡಿದರು. ಏನು ಮಾತಾಡಿದರೋ ಕೇಳಿಸಲಿಲ್ಲ, ಕೇಳಿಸದ್ದನ್ನು ಬರೆಯುವುದಿಲ್ಲ. ಮಾತು ಮುಗಿದ ಮೇಲೆ ಗರಾಜಿನಿಂದ ಸೂಟ್‌ಕೇಸ್ ಎಳೆದು ತಂದು ಅಂಗಳದಲ್ಲಿ ಧೂಳು ಕೊಡವಿದ್ದು ಮಾತ್ರ ನಾನೇ ಕಂಡದ್ದು. ಮಗು ಹುಟ್ಟುವ ಮೊದಲೇ ಹೋದರು. ಹೋಗುವಾಗ ಅಗ್ರಿಮೆಂಟಿಗೆ ಸಹಿ ಹಾಕಿ ನಮ್ಮ ಬಾಗಿಲಿನ ಕೆಳಗೆ ತಳ್ಳಿದ್ದರು. ಒಂದೆರಡು ವರ್ಷದಲ್ಲಿ ಮನೆ ಮಾರಿ ಮೆಲ್ಬರ್ನಿನಲ್ಲೇ ನೆಲೆಸಿದರು. ಸಿಂಹಗಳನ್ನು ಏನು ಮಾಡಿದರೆಂದು ಕೇಳುವಷ್ಟು ಒರಟನಲ್ಲ ನಾನು. ಈ ವರ್ಷ ನನಗೂ ಇಲ್ಲಿ ಕೆಲಸ ಸಿಕ್ಕಿತು.

ಬ್ರೆಡ್ಡಿನ ವಾಸನೆಯ ದೆಸೆಯಿಂದ ಬೆಳಿಗ್ಗೆಯೇ ಅವರಿಗೆ ಫೋನು ಮಾಡಿದೆ. ‘ಮಧ್ಯಾಹ್ನ ಚೈಲ್ಡ್ ಕೇರ್ ಹತ್ತಿರ ಬಾ, ಮೊಮ್ಮಗನನ್ನು ಕರಕೊಂಡು ಕಾಫಿಗೆ ಹೋಗೋಣ’ ಎಂದರು. ಹೋದೆ. ಬಿಳಿಗೂದಲು, ನೀಲಿ ಕಣ್ಣು, ಬಿಸಿಲಿಗೆ ಕೆಂಪಾದ ಮೂಗು, ಗೇಟಿನಲ್ಲಿ ನಿಂತಿದ್ದರು. ಹೊಸ ಟೀಚರ್ ಒಬ್ಬಳು ಮಗುವನ್ನು ಕೈಹಿಡಿದು ತಂದಳು.

‘ಮಿಸ್ಟರ್ ನ್ಗುಯೆನ್, ಇವತ್ತು ಲಿಯೋ ಊಟ ಪೂರ್ತಿ ಮಾಡಿದ’ ಎಂದಳು.

ತಪ್ಪು ಕಂಡರೆ ತಿದ್ದುವ ಚಾಳಿ. ನಾನು ಬಾಯಿ ತೆರೆದೆ. ಅಂಕಲ್ ಮೆಲ್ಲಗೆ ನನ್ನ ಕಾಲು ತುಳಿದರು. ಬಾಯಿ ಮುಚ್ಚಿಕೊಂಡೆ.

‘ಮಾಡ್ತಾನಮ್ಮ’ ಎಂದು ಅವರು ಮಗುವಿನ ಬ್ಯಾಗನ್ನು ಹೆಗಲಿಗೇರಿಸಿದರು. ‘ನಾವು ನ್ಗುಯೆನ್‌ಗಳು ತಟ್ಟೆಯಲ್ಲಿ ಏನೂ ಬಿಡುವವರಲ್ಲ.’